ಸೇತುವೆಯ ಅರಳಿ ಸಸಿ

ನಮ್ಮ ಸೀಮೆಯಲ್ಲಿ ಸೇತುವೆ ಕಟ್ಟಿಸಿದ ಮೊದಲ ಹೆಣ್ಣು ಎಂಜಿನಿಯರ್ ಹಿರಿಯೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಅವರ ಜೊತೆ ಪ್ರಯಾಣ ಮಾತ್ರ ಯಾರಿಗೂ ಬೇಡ. ಸೇತುವೆ ಕಂಡರೆ ಸಾಕು, “ನಿಲ್ಸ್ರಿ, ಕೆಳಗೆ ನೋಡಾಣ” ಎಂದು ಇಳಿದುಬಿಡುತ್ತಿದ್ದರು.

ನನ್ನ ತಮ್ಮನ ಮದುವೆಗೆ ಧರ್ಮಪುರಕ್ಕೆ ಹೊರಟ ಬಸ್ಸನ್ನೂ ಹೀಗೇ ನಿಲ್ಲಿಸಿದರು. ಅವರೇ ಕಟ್ಟಿಸಿದ ಸೇತುವೆಯ ಕಂಬದಲ್ಲಿ ಅರಳಿ ಸಸಿ ಚಿಗುರಿತ್ತು. ಯಾರೋ ಅದಕ್ಕೆ ಅರಿಶಿನ ಕುಂಕುಮ ಬೇರೆ ಹಚ್ಚಿದ್ದರು.

“ಅರಳಿ ಕೀಳಬಾರ್ದಮ್ಮ, ಮುಹೂರ್ತ ಮೀರ್ತೈತೆ, ಬರ್ರಿ” ಎಂದು ನಮ್ಮಮ್ಮ ಗೋಗರೆದಳು.

“ಬಿಟ್ರೆ ಬೇರು ಕಂಬನೇ ಸೀಳ್ತೈತೆ. ಬೇರೆ ಕಡೆ ನೆಟ್ರೆ ಪಾಪ ಬರಲ್ಲ ಬಿಡ್ರಿ” ಎಂದು ಬೇರುಸಹಿತ ಕಿತ್ತು, ರೇಷ್ಮೆ ಸೀರೆಯ ಮಡಿಲಲ್ಲಿಟ್ಟುಕೊಂಡೇ ಬಸ್ಸು ಹತ್ತಿದರು. ಮುಹೂರ್ತ ಮೀರಿಯೇ ಹೋಯಿತು.

ಸಸಿ ನೆಟ್ಟಿದ್ದು ನಮ್ಮ ಕಾಂಪೌಂಡಿನ ಬುಡದಲ್ಲಿ! ಕೆಲವು ವರ್ಷಕ್ಕೆ ಗೋಡೆ ಸೀಳು ಬಿಟ್ಟ ದಿನ ಅವರನ್ನೇ ಕರೆದು ತೋರಿಸಿದೆ. ಬಗ್ಗಿ ಕೆಳಗೆ ನೋಡಿದರು.

“ಇದರ ಮೇಲೆ ಬಸ್ಸು ಓಡಾಡ್ತಾವೇನ್ರಿ?”