ಕೋಳಿ ಹೊಲಿದ ನೀಲಿ ದಾರ

“ಕೋಳಿಗೂ ಹೊಲಿಗೆ ಹಾಕ್ತಾರೇನೇ?” ಎಂದು ನಕ್ಕವಳು ದಾರದ ಬಣ್ಣ ಕಂಡು ಹತ್ತಿರ ಬಗ್ಗಿ ನೋಡಿದೆ. ನವರಾತ್ರಿ ಮುಗಿದ ಮರುದಿನದ ಊಟಕ್ಕೆ ಸೊಸೆ ಕೋಳಿಯ ಹೊಟ್ಟೆಗೆ ಅನಾನಸು, ಚೀಸ್ ತುಂಬಿ ನೀಲಿ ದಾರದಲ್ಲಿ ಹೊಲಿಯುತ್ತಿದ್ದಳು.

“ಬೇರೆ ದಾರ ಸಿಗ್ಲಿಲ್ಲ ಅತ್ತೆ. ಮಾವನ ಮಷಿನಿಗೆ ಪೋಣಿಸಿದ್ದು ಇತ್ತು, ಎಳ್ಕಂಡೆ.”

ಶಿರಸಿ ಪೇಟೆಯಲ್ಲಿ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದ ನನ್ನ ಯಜಮಾನರು ತೀರಿಕೊಳ್ಳುವ ಮುನ್ನ ಕೊನೆಯದಾಗಿ ಪೋಣಿಸಿದ ದಾರ ಅದು. ಮಷಿನನ್ನು ದಿನವೂ ಬೆಳಿಗ್ಗೆ ಒರೆಸುತ್ತೇನೆ, ಆಯುಧಪೂಜೆಗೆ ಹೂ ಮುಡಿಸಿದ್ದೆ. ದಾರವನ್ನು ಮಾತ್ರ ಮುಟ್ಟಿರಲಿಲ್ಲ. ಪಾಪ, ಅವಳಿಗೇನು ಗೊತ್ತು?

ಕೋಳಿ ಬೆಂದ ಮೇಲೆ ಅವಳು ಕತ್ತರಿ ತಂದಳು. “ತಡಿಯೇ, ಕತ್ತರಿಸ್ಬೇಡ. ನಾನೇ ಬಿಚ್ತೆ” ಎಂದೆ.

ದಾರವನ್ನು ತೊಳೆದು, ಒಣಗಿಸಿ ರೀಲಿಗೆ ಸುತ್ತಿಟ್ಟಿದ್ದೇನೆ. ಮಷಿನಿನ ಸೂಜಿ ಖಾಲಿಯೇ ಇದೆ. ಪೋಣಿಸುವುದು ನನಗೂ ಬರುತ್ತದೆ. ಆದರೆ ಅದು ಅವರ ಕೆಲಸ.