ನೆಲಕ್ಕೆ ಬಿದ್ದಿದ್ದು ನೆಲಕ್ಕೇ

ಶಿವಲಿಂಗಯ್ಯನವರ ಮನೆಯ ನೆಲದ ಮೇಲೆ ಯಾವಾಗಲೂ ಏನಾದರೊಂದು ಬಿದ್ದಿರುತ್ತಿತ್ತು. ಪೆನ್ನಿನ ಮುಚ್ಚಳ, ಮಾತ್ರೆಯ ಪಟ್ಟಿ, ಅಂಗಿಯ ಗುಂಡಿ, ಬಾಚಣಿಗೆ. ಅವರು ಅದನ್ನು ಎತ್ತುತ್ತಿರಲಿಲ್ಲ. ಕಾಲಿನಿಂದ ಮೆಲ್ಲಗೆ ತಳ್ಳಿ ಕಿಟಕಿಯ ಕೆಳಗಿನ ಮೂಲೆಗೆ ಸೇರಿಸುತ್ತಿದ್ದರು. "ನೆಲಕ್ಕೆ ಬಿದ್ದಿದ್ದು ನೆಲಕ್ಕೇ ಸೇರಿದ್ದು ಕಣಯ್ಯಾ. ನನಗೂ ಅದಕ್ಕೂ ಸಂಬಂಧ ಮುಗೀತು," ಎನ್ನುತ್ತಿದ್ದರು. ಸಂಜೆ ಮಗಳು ಉಮಾ ಕಾಲೇಜಿನಿಂದ ಬಂದ ಮೇಲೆ ಅವಳು ಎತ್ತಬೇಕು. ಅವಳಿಗಿಂತ ಮೊದಲು ಯಾರಾದರೂ ಮನೆಗೆ ಬಂದರೆ ಆ ಕೆಲಸ ಬಂದವರ ಪಾಲಿನದು; ಕಾಫಿಗೆ ಮುಂಚೆ ಇವರು ಗದ್ದದಿಂದಲೇ ಮೂಲೆ ತೋರಿಸುತ್ತಿದ್ದರು. ನಾನು ಮೊದಲ ಸಲ ಹೋದಾಗ ಎತ್ತಿಕೊಟ್ಟದ್ದು ಒಂದು ಚಮಚ, ಎರಡು ಪೆನ್ಸಿಲ್ಲು ಮತ್ತು ಅಂದೇ ಬಂದಿದ್ದ, ಇನ್ನೂ ಒಡೆಯದ ಒಂದು ಇನ್‌ಲ್ಯಾಂಡ್ ಪತ್ರ.

ಅವರು ತಮಿಳು ಸೀಮೆಯಲ್ಲಿ, ಗಿಂಡಿ ಎಂಬಲ್ಲಿನ ಒಂದು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಹಿರಿಯ ಡ್ರಾಫ್ಟ್ಸ್‌ಮನ್. ನಂಜನಗೂಡಿನ ಕಡೆಯವರು. ತೊಂಬತ್ತೇಳರಲ್ಲಿ ನಾನು ಮಂಡ್ಯದಿಂದ ಬಂದು ಅಲ್ಲಿ ಕೆಲಸಕ್ಕೆ ಸೇರಿದಾಗ, ಕನ್ನಡ ಕೇಳಿದ ಖುಷಿಗೆ ನನ್ನನ್ನು ಹತ್ತಿರ ಸೇರಿಸಿಕೊಂಡರು. ಆಗಲೇ ಅವರ ಬೆನ್ನುನೋವಿಗೆ ಹನ್ನೊಂದು ವರ್ಷ. ನಿಂತರೆ ಹೇಗೋ ಸಹಿಸಬಹುದು, ಕೂತರೆ ಪ್ರಾಣ ಹೋಗುತ್ತದೆ ಎಂಬ ಬಗೆಯ ನೋವು. ಹಾಗಾಗಿ ಊಟ, ಪೇಪರು, ಟೀವಿ ಎಲ್ಲವೂ ನಿಂತೇ. ಕೂತು ಮಾಡಬೇಕಾದ ಲಿಂಗಪೂಜೆಯನ್ನೂ ಗೋಡೆಗೆ ಒರಗಿ ನಿಂತು ಮಾಡುತ್ತಿದ್ದರು. "ಶಿವನಿಗೆ ನನ್ನ ಎಕ್ಸ್‌ರೇ ತೋರ್ಸಿದೀನಿ. ಒಪ್ಕೊಂಡಿದಾನೆ," ಎಂದು ಸಮಜಾಯಿಷಿ ಬೇರೆ.

ಗಿಂಡಿಯಿಂದ ಅವರ ಮನೆಯಿದ್ದ ಅಡ್ಯಾರಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕರೆ ಮೊದಲು ಅದನ್ನು ಹಿಡಿದು, ಆಮೇಲೆ ಯಾರಾದರೂ ಮುದುಕಿಗೆ ಬಿಟ್ಟುಕೊಡುತ್ತಿದ್ದರು. ಮುದುಕಿ "ನಲ್ಲಾ ಇರುಪ್ಪಾ" ಎಂದು ಹರಸುತ್ತಿದ್ದಳು. ಇದೇನು ಸಾರ್ ಮೋಸ ಎಂದು ನಾನು ಕೇಳಿದರೆ, "ಹೆಂಗೂ ನಿಂತ್ಕೋಬೇಕು, ಒಂದು ಆಶೀರ್ವಾದನಾದ್ರೂ ಸಿಗ್ಲಿ ಬಿಡಯ್ಯಾ. ಹನ್ನೊಂದು ವರ್ಷದಿಂದ ತಗೋತಿದೀನಿ, ಒಂದೂ ಸೊಂಟದವರೆಗೆ ಇಳಿದಿಲ್ಲ," ಎನ್ನುತ್ತಿದ್ದರು.

ಕಾರ್ಖಾನೆಗೆ ಕಂಪ್ಯೂಟರ್ ಬಂದದ್ದು ಅವರಿಗೆ ದೊಡ್ಡ ಪೆಟ್ಟು. ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಕೆಲಸ ಮಾಡಬಹುದಿತ್ತು, ಕಂಪ್ಯೂಟರಿಗೆ ಕೂರಬೇಕು. ಅವರು ತಮ್ಮ ಹಳೆಯ ಬೋರ್ಡನ್ನೇ ಮೇಜಿನಂತೆ ಅಡ್ಡ ಮಲಗಿಸಿ, ಮೇಲೆ ಮಾನಿಟರ್ ಇಟ್ಟು, ಕ್ಯಾಟಲಾಗುಗಳ ರಾಶಿಯ ಮೇಲೆ ಕೀಬೋರ್ಡ್ ಇಟ್ಟುಕೊಂಡರು. ನೋಡಿದವರಿಗೆ ಹೋಟೆಲಿನ ಗಲ್ಲಾದಲ್ಲಿ ನಿಂತವರಂತೆ ಕಾಣುತ್ತಿದ್ದರು. ಮ್ಯಾನೇಜರ್ ಎರಡು ಸಲ ಗೊಣಗಿ ಸುಮ್ಮನಾದ.

ಅವರ ಮನೆಯ ಗೋಡೆಯ ಮೇಲೆ ಒಂದು ಡ್ರಾಯಿಂಗ್ ಇತ್ತು. ಸ್ಕ್ಯಾನ್ ನೋಡಿ ತಮ್ಮ ಬೆನ್ನುಮೂಳೆಯನ್ನು ತಾವೇ ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಬರೆದಿದ್ದರು. ಪಂಪಿನ ಬಿಡಿಭಾಗ ಬರೆದಷ್ಟೇ ಶುದ್ಧ: ಮುಂದಿನ ನೋಟ, ಪಕ್ಕದ ನೋಟ, ಅಳತೆ, ಸವೆದ ಜಾಗಕ್ಕೆ ಬಾಣದ ಗುರುತು. ನಮ್ಮ ಕಸುಬಿನಲ್ಲಿ ಪ್ರತಿ ನಕ್ಷೆಯ ಮೂಲೆಯಲ್ಲಿ ಒಂದು ಪಟ್ಟಿ ಇರುತ್ತದೆ. ಯಾವಾಗ ಏನು ತಿದ್ದಿದೆವು ಎಂದು ಅದರಲ್ಲಿ ಬರೆಯಬೇಕು. ಅವರು ಆ ಪಟ್ಟಿಯಲ್ಲಿ ಚಿಕಿತ್ಸೆಗಳನ್ನು ಬರೆದಿದ್ದರು. ಟ್ರಾಕ್ಷನ್. ಕೇರಳದ ಎಣ್ಣೆ. ಸೊಂಟದ ಬೆಲ್ಟು. ಸೂಜಿ ಚುಚ್ಚುವ ಚೀನೀ ವೈದ್ಯ. ಆಯಸ್ಕಾಂತದ ಹಾಸಿಗೆ. ಪ್ರತಿಯೊಂದರ ಮುಂದೆಯೂ ಅದೇ ಅಂದವಾದ ಅಕ್ಷರದಲ್ಲಿ 'ಬದಲಾವಣೆ ಇಲ್ಲ' ಎಂದಿತ್ತು.

ಆಪರೇಷನ್ ಮಾತ್ರ ಪಟ್ಟಿ ಸೇರಿರಲಿಲ್ಲ. ಮೂವರು ಡಾಕ್ಟರುಗಳು ಮೂರು ತರಹ ಹೇಳಿದ್ದರು. ಒಬ್ಬರು ಈಗಲೇ ಮಾಡಿಸಿ ಎಂದರು. ಇನ್ನೊಬ್ಬರು ಮುಟ್ಟಲೇಬೇಡಿ ಎಂದರು. ಮೂರನೆಯವರು, ತಲೆನೆರೆತ ಸಜ್ಜನ, ಬಿಡಿಸಿ ಹೇಳಿದರು: ಒಂದೇ ಕಡೆ ಡಿಸ್ಕ್ ಜಾರಿ ನರ ಒತ್ತುತ್ತಿದ್ದರೆ ಧೈರ್ಯವಾಗಿ ಮಾಡಬಹುದು, ನಿಮ್ಮದು ಮೂರು ಕಡೆ ಸವೆದ ಮೂಳೆ, ನೋವು ಹೋಗುತ್ತದೆಂದು ನಾನು ಮಾತು ಕೊಡಲಾರೆ. ಶಿವಲಿಂಗಯ್ಯನವರು ಎಕ್ಸ್‌ರೇ ಕವರನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದು, "ಇವರೊಬ್ಬರೇ ನಿಜ ಹೇಳಿದ್ದು ಕಣಯ್ಯಾ. ಅದಕ್ಕೇ ಬೇಜಾರಾಯ್ತು," ಎಂದರು.

ತೊಂಬತ್ತೊಂಬತ್ತರಲ್ಲಿ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ನನ್ನ ಬೆನ್ನೂ ಹೋಯಿತು. ಡಿಸ್ಕ್ ಜಾರಿ, ಎಡಗಾಲಿನುದ್ದಕ್ಕೂ ಬೆಂಕಿ. ಆಗ ಅವರೇ ನನ್ನ ಗುರು. ಹಾಸಿಗೆಯಿಂದ ಏಳುವಾಗ ಮೊದಲು ಮಗ್ಗುಲಾಗಬೇಕು, ಸೀನುವ ಮುಂಚೆ ಗೋಡೆ ಹಿಡಿಯಬೇಕು, ಏನಾದರೂ ಎತ್ತಲೇಬೇಕಾದರೆ ಬೆನ್ನು ನೆಟ್ಟಗಿಟ್ಟು ಮಂಡಿಯೂರಿ ಇಳಿಯಬೇಕು ಎಂದು ಪಾಠ ಮಾಡಿದರು. ಅವರ ಮಂಡಿ ಎಂದೋ ಕೈಕೊಟ್ಟಿದ್ದರಿಂದ ಕೊನೆಯ ಪಾಠ ಅವರಿಗೇ ಉಪಯೋಗವಿರಲಿಲ್ಲ.

ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಇಬ್ಬರೂ ನಿಂತು ಮಾತಾಡುತ್ತಿದ್ದಾಗ ಅವರ ಕನ್ನಡಕ ಬಿತ್ತು. ಇಬ್ಬರೂ ಅದನ್ನು ನೋಡಿದೆವು. ಒಬ್ಬರನ್ನೊಬ್ಬರು ನೋಡಿಕೊಂಡೆವು. ಕೊಡೆಯ ಹಿಡಿ ತಂದು ಸಿಕ್ಕಿಸಲು ನೋಡಿದರೆ ಕನ್ನಡಕ ಸೋಫಾದ ಅಡಿಗೆ ಜಾರಿಕೊಂಡಿತು. ಅವರಿಗೆ ನಗು ಬಂತು. ನಕ್ಕರೆ ಬೆನ್ನು ಹಿಡಿಯುತ್ತದೆ. "ನಗಿಸ್ಬೇಡ ಕಣಯ್ಯಾ, ಸಾಯ್ತೀನಿ," ಎಂದು ಕಿಟಕಿಯ ಸರಳು ಹಿಡಿದುಕೊಂಡು ಅವರು, ಬಾಗಿಲು ಹಿಡಿದುಕೊಂಡು ನಾನು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಉಮಾ ಬಂದವಳು "ರೆಂಡು ಪೇರುಂ ಎನ್ನ ಪಣ್ಣಿಟ್ಟಿರುಕ್ಕೀಂಗ?" ಎಂದು ತಮಿಳಿನಲ್ಲೇ ಗದರಿದಳು. "ಏನ್ ಮಾಡ್ತಿದೀವಿ ಅಂದ್ರೆ ಏನ್ ಹೇಳ್ಲಮ್ಮಾ? ನಿನ್ನ ದಾರಿ ಕಾಯ್ತಿದೀವಿ," ಎಂದು ಅಪ್ಪ ಕನ್ನಡದಲ್ಲಿ ಉತ್ತರ ಕೊಟ್ಟರು. ಅವರು ಅಷ್ಟು ಹೊತ್ತು ಸಂತೋಷವಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ನನಗೆ ಅದೇ ತಲೆನೆರೆತ ಡಾಕ್ಟರು ಆಪರೇಷನ್ ಮಾಡಿದರು. ನನ್ನದು ಒಂದೇ ಡಿಸ್ಕ್, ವಯಸ್ಸು ಇಪ್ಪತ್ತೊಂಬತ್ತು. ಮೂರು ತಿಂಗಳಲ್ಲಿ ನೋವಿತ್ತು ಎಂಬುದೇ ಮರೆತುಹೋಯಿತು. ಮೊದಲು ಓಡಿದ್ದು ಅಡ್ಯಾರಿಗೆ. ಮೂಲೆಯಲ್ಲಿ ಒಂದಷ್ಟು ಸಾಮಾನು ಬಿದ್ದಿತ್ತು. ಅವರು ಗದ್ದ ಎತ್ತುವ ಮೊದಲೇ ನಾನು ಸೊಂಟ ಬಗ್ಗಿಸಿ ಒಂದೇ ಉಸಿರಿಗೆ ಎಲ್ಲವನ್ನೂ ಬಾಚಿ ಮೇಜಿನ ಮೇಲಿಟ್ಟೆ. ಜಂಭ ಪಟ್ಟೆ, ಸುಳ್ಳೇಕೆ ಹೇಳಲಿ.

ಅವರು ಮೇಜಿನ ಮೇಲಿದ್ದ ಪೆನ್ನನ್ನು ಬೆರಳಿನಿಂದ ತಳ್ಳಿ ಕೆಳಗೆ ಬೀಳಿಸಿದರು. "ಇನ್ನೊಂದ್ಸಲ ಬಗ್ಗು," ಎಂದರು.

ನಾನು ನಗುತ್ತ ಬಗ್ಗಿದೆ. ಅವರು ಪಕ್ಕಕ್ಕೆ ಬಂದು ನಿಂತು, ನಕ್ಷೆಯ ತಪ್ಪು ಹುಡುಕುವವರಂತೆ ನನ್ನ ಬೆನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ನಾನೂ ಮಾಡಿಸ್ಕೊಳ್ಲಾ? ಏನಂತೀಯಾ?" ಎಂದು ಕೇಳಿದರು.

ಡಾಕ್ಟರು ಅವರಿಗೆ ಹೇಳಿದ್ದು ನನಗೆ ಗೊತ್ತಿತ್ತು. ಅವರ ಬೆನ್ನಿನ ನಕ್ಷೆ ಎದುರಿಗೇ ಇತ್ತು. ಆದರೂ ನೋವು ಹೋದವನ ಉತ್ಸಾಹದಲ್ಲಿ, "ಮಾಡಿಸ್ಕೊಳ್ಳಿ ಸಾರ್, ಏನೂ ಯೋಚ್ನೆ ಮಾಡ್ಬೇಡಿ," ಎಂದುಬಿಟ್ಟೆ.

ಈಗಲೇ ಮಾಡಿಸಿ ಎಂದಿದ್ದ ಡಾಕ್ಟರ ಹತ್ತಿರವೇ ಹೋದರು. ಕಂಬಿ, ತಿರುಪು ಹಾಕಿ ಮೂಳೆಗಳನ್ನು ಬಿಗಿದರು. ಎರಡನೆಯ ತಿಂಗಳು ಒಂದು ಸಂಜೆ ಫೋನ್ ಮಾಡಿ, "ಬಸ್ಸಲ್ಲಿ ಕೂತ್ಕೊಂಡು ಬಂದೆ ಕಣಯ್ಯಾ! ಒಬ್ಬಳು ಅಜ್ಜಿ ನಿಂತಿದ್ಲು, ಎದ್ದೇಳ್ಲಿಲ್ಲ ನಾನು," ಎಂದು ಮಗುವಿನಂತೆ ಹೇಳಿದರು. ಐದನೆಯ ತಿಂಗಳಿಗೆ ನೋವು ಮರಳಿತು. ಈ ಸಲ ನಿಂತರೂ ಬಿಡಲಿಲ್ಲ. ಬಲಗಾಲಿನ ಬಲ ಕುಂದಿತು. ಇನ್ನೊಂದು ಆಪರೇಷನ್ ಮಾಡಿ ನೋಡೋಣ ಎಂದು ಡಾಕ್ಟರು ಹೇಳಿದರಂತೆ, ಇವರು ಕೈ ಮುಗಿದು ಬಂದರಂತೆ. ಸ್ವಯಂ ನಿವೃತ್ತಿ ತೆಗೆದುಕೊಂಡರು. ಗೋಡೆಯ ನಕ್ಷೆಯಲ್ಲಿ 'ಆಪರೇಷನ್' ಎಂದು ಸೇರಿತ್ತು, ಮುಂದಿನ ಜಾಗ ಖಾಲಿ ಇತ್ತು.

ನಾನು ಹೋಗುವುದನ್ನು ಕಡಿಮೆ ಮಾಡಿದೆ. ಕೆಲಸ ಜಾಸ್ತಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಅವರ ಎದುರಿಗೆ ಚೆನ್ನಾಗಿ ನಡೆದು ಹೋಗಲು ನನಗೆ ನಾಚಿಕೆಯಾಗುತ್ತಿತ್ತು.

ಎರಡು ಸಾವಿರದ ಆರರ ಕೊನೆಯಲ್ಲಿ ಹೋದದ್ದೇ ಕೊನೆಯ ಭೇಟಿ. ನಾಲ್ಕು ತಿಂಗಳ ಮೇಲೆ ಅವರು ತೀರಿಕೊಂಡರು. ಆ ಕೊನೆಯ ಭೇಟಿಯ ದಿನ ಉಮಾ ಬಾಗಿಲು ತೆರೆದು, ನಾನು ಬಂದೆನೆಂದು ಔಷಧಿ ತರಲು ಹೊರಗೆ ಹೋದಳು. ಹನ್ನೊಂದು ವರ್ಷ, ಆಮೇಲೂ ಎಷ್ಟೋ ಕಾಲ ನಿಂತೇ ಬದುಕಿದ ಮನುಷ್ಯ ಮಂಚದ ಮೇಲೆ ಮಲಗಿದ್ದರು. ನಕ್ಷೆಯ ಆ ಜಾಗ ಇನ್ನೂ ಖಾಲಿ ಇತ್ತು. ನಾನು ಅದನ್ನು ನೋಡಿದ್ದು ಕಂಡು, "ಗೋಡೆವರೆಗೆ ಹೋಗೋಕಾದ್ರೆ ತಾನೆ ಬರೆಯೋದು," ಎಂದರು.

ಮಂಚದ ಪಕ್ಕ ಬಾಚಣಿಗೆ, ಮಾತ್ರೆ, ಪೆನ್ನು ಬಿದ್ದಿದ್ದವು. ತಳ್ಳಿ ಮೂಲೆ ಸೇರಿಸಲು ಈಗ ಕಾಲಿನಲ್ಲಿ ಬಲವಿರಲಿಲ್ಲ. ನಾನು ಮಂಚದ ಅಂಚು ಹಿಡಿದು, ಅವರು ಕಲಿಸಿದಂತೆ ಬೆನ್ನು ನೆಟ್ಟಗಿಟ್ಟು, ಮಂಡಿಯೂರಿ, ಸ್ವಲ್ಪ ನರಳುತ್ತ ಇಳಿಯತೊಡಗಿದೆ.

"ನಾಟಕ ಬೇಡ ಕಣಯ್ಯಾ," ಎಂದರು. "ನಿನ್ನ ಬೆನ್ನಿಗೇನಾಗಿದೆ? ನೆಟ್ಟಗೆ ಬಗ್ಗಿ ಎತ್ತು."

ಎದ್ದು ನಿಂತು ಬಗ್ಗಿ ಎತ್ತಿದೆ. ಎಲ್ಲವನ್ನೂ ಅವರ ಪಕ್ಕದಲ್ಲಿಟ್ಟು, ಏಳು ವರ್ಷದಿಂದ ಹೇಳದೆ ಉಳಿದದ್ದನ್ನು ಹೇಳಿದೆ. "ಸಾರ್, ಅವತ್ತು ಮಾಡಿಸ್ಕೊಳ್ಳಿ ಅಂತ ನಾನು ಹೇಳ್ಬಾರ್ದಾಗಿತ್ತು."

"ನೀನು ಏನು ಹೇಳಿದ್ಯೋ ನನಗೆ ಜ್ಞಾಪಕಾನೇ ಇಲ್ಲ," ಎಂದರು. "ನಾನು ನಿನ್ನ ಬೆನ್ನು ನೋಡ್ತಾ ಇದ್ದೆ."

ಅವರ ಕೈ ಹೊದಿಕೆಯ ಮೇಲೆ ನಿಧಾನವಾಗಿ ಸರಿದು ಪೆನ್ನನ್ನು ಹುಡುಕಿತು. ಅದನ್ನು ಮಂಚದ ಅಂಚಿನವರೆಗೆ ತಳ್ಳಿ, ಕೆಳಗೆ ಬೀಳಿಸಿದರು.

"ಇನ್ನೊಂದ್ಸಲ," ಎಂದರು.

ನಾನು ಬಗ್ಗಿದೆ.