ಉಧ್ನಾ ಗೋದಾಮಿನ ತಾಳೆಯಾಗದ ಸ್ಟಾಕ್

೨೦೦೩ರಲ್ಲಿ ನಾನು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿದ್ದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಮಗ್ಗದ ಯಂತ್ರಗಳ ಬಿಡಿಭಾಗ ಮಾರುವ ವ್ಯಾಪಾರಿಯೊಬ್ಬರಿಗೆ ಅಹಮದಾಬಾದ್, ವಡೋದರಾ ಮತ್ತು ಸೂರತ್‌ನ ಉಧ್ನಾದಲ್ಲಿ ಗೋದಾಮುಗಳಿದ್ದವು. ಮೂರರ ಸ್ಟಾಕನ್ನೂ ಒಂದೇ ಪರದೆಯಲ್ಲಿ ತೋರಿಸುವ ವೆಬ್ ಅಪ್ಲಿಕೇಶನ್ ಬರೆದವಳು ನಾನು. ಸರ್ವರ್ ನಮ್ಮ ಆಫೀಸಿನಲ್ಲಿತ್ತು. ಗೋದಾಮಿನವರು ಟೆಲಿಫೋನ್ ಲೈನಿನ ಇಂಟರ್ನೆಟ್‌ನಲ್ಲಿ ಬಂದ ಮಾಲು, ಹೋದ ಮಾಲು ನಮೂದಿಸಬೇಕಿತ್ತು.

ಉಧ್ನಾದ ಸ್ಟೋರ್‌ಕೀಪರ್ ಜಯಂತಿಭಾಯಿ. ಐವತ್ತು ದಾಟಿದವರು, ಮೌಸ್ ಹಿಡಿದದ್ದೇ ಆಗ. ತರಬೇತಿಯ ಎರಡು ದಿನವೂ ನಾನು ಅವರ ಮೇಲೆ ರೇಗುತ್ತಲೇ ಇದ್ದೆ.

ತಿಂಗಳು ಕಳೆಯುವಷ್ಟರಲ್ಲಿ ಅಲ್ಲಿಯ ಸ್ಟಾಕ್ ತಾಳೆಯಾಗದಾಯಿತು. ಪರದೆಯಲ್ಲಿ ತೊಂಬತ್ತಾರು ಬೇರಿಂಗ್, ರ‍್ಯಾಕಿನಲ್ಲಿ ನಲವತ್ತೆಂಟು. ಗೋದಾಮಿನ ಮಾಲೀಕರು ಫೋನಿನಲ್ಲಿ ಕೇಳಿದಾಗ, ಒಂದೂ ಎಂಟ್ರಿ ತೆರೆದು ನೋಡದೆ, “ಪ್ರೋಗ್ರಾಂ ಸರಿಯಾಗಿದೆ ಸರ್” ಎಂದುಬಿಟ್ಟೆ. ಅವರು ಹಮಾಲರ ಎದುರಿಗೇ ಜಯಂತಿಭಾಯಿಯನ್ನು ಕಳ್ಳ ಎಂದರು. ಶನಿವಾರದೊಳಗೆ ಚಾರ್ಜ್ ಒಪ್ಪಿಸಿ ಹೋಗಲು ಹೇಳಿದರು.

ಮರುದಿನ ಜಯಂತಿಭಾಯಿ ನನಗೇ ಫೋನ್ ಮಾಡಿದರು. ಅಲ್ಲಿಯ ರೂಢಿಯಂತೆ ‘ಬೆನ್’, ಅಂದರೆ ಅಕ್ಕ ಎಂದು ಕರೆದು, ಗುಜರಾತಿ ಬೆರೆತ ಹಿಂದಿಯಲ್ಲಿ ಹೇಳಿದ್ದು ಇಷ್ಟೇ: “ಬೆನ್, ಒಮ್ಮೆ ಬಂದು ನನ್ನ ಪಕ್ಕ ಕೂತು ನೋಡಿ. ಆಮೇಲೆ ನೀವು ಏನು ಹೇಳಿದರೂ ಒಪ್ಪುತ್ತೇನೆ.”

ಗೊಣಗಿಕೊಂಡೇ ಬೆಳಗಿನ ರೈಲು ಹತ್ತಿದೆ. ಉಧ್ನಾದಲ್ಲಿ ಅವರ ಪಕ್ಕ ಕೂತೆ. ಅವರು ಒಂದೇ ಬೆರಳಿನಲ್ಲಿ, ಮಾಲಿನ ಜೊತೆ ಬಂದ ಚಲನ್ ಚೀಟಿಯ ನಂಬರ್, ಸಾಮಾನಿನ ಹೆಸರು ತುಂಬಿಸಿ ಸೇವ್ ಒತ್ತಿದರು. ಪರದೆ ಬಿಳಿಯಾಗಿ ನಿಂತುಬಿಟ್ಟಿತು. ಆಫೀಸಿನಲ್ಲಿ ಕ್ಷಣದಲ್ಲಿ ಬರುತ್ತಿದ್ದ ಪುಟ ಇಲ್ಲಿ ಬರಲೇ ಇಲ್ಲ. ಕಾದು ಕಾದು ಅವರು ಹಿಂದಿನ ಪುಟಕ್ಕೆ ಹೋಗಿ ಮತ್ತೆ ಸೇವ್ ಒತ್ತಿದರು.

“ಮತ್ತೆ ಯಾಕೆ ಒತ್ತಿದಿರಿ?”

“ಆಗಿದೆಯೋ ಇಲ್ಲವೋ ಅದು ಹೇಳಲಿಲ್ಲವಲ್ಲ ಬೆನ್.”

ಪಟ್ಟಿ ತೆರೆದೆ. ಒಂದೇ ಚಲನ್ ಎರಡು ಸಲ ಜಮೆಯಾಗಿತ್ತು. ಮೊದಲ ಸಲ ಒತ್ತಿದ್ದೂ ಸರ್ವರ್ ತಲುಪಿತ್ತು, ನಿಧಾನದ ಲೈನಿನಲ್ಲಿ ಉತ್ತರ ಮಾತ್ರ ಬಂದಿರಲಿಲ್ಲ. ಬೇರಿಂಗ್‌ನದೂ ಅದೇ ಕಥೆ. ರ‍್ಯಾಕಿಗೆ ಕಟ್ಟಿದ್ದ ಕೈಬರಹದ ಕಾರ್ಡಿನಲ್ಲಿ ಮಾತ್ರ ನಲವತ್ತೆಂಟು ಎಂದೇ ಇತ್ತು. ಆ ಕಾರ್ಡುಗಳು ಇನ್ನು ಬೇಡ ಎಂದು ಹೇಳಿದ್ದವಳು ನಾನೇ.

ಅಲ್ಲಿಂದಲೇ ನಮ್ಮ ಮ್ಯಾನೇಜರ್, ಧಾರವಾಡದ ಗಿರೀಶ್ ಅವರಿಗೆ ಫೋನ್ ಮಾಡಿದೆ. “ಲೈನ್ ಪ್ರಾಬ್ಲಮ್ ಅಂತ ಹೇಳಿ ಮುಗಿಸಿಬಿಡವಾ. ತಪ್ಪು ನಮ್ಮದು ಅಂದ್ರ ಕಸ್ಟಮರ್ ಕೈ ಬಿಟ್ಟು ಹೋಗ್ತಾನ” ಎಂದರು. ಮೈ ಉರಿಯಿತು. ಮಾಲೀಕರಿಗೆ ನೇರವಾಗಿ ಹೇಳಿದೆ: ತಪ್ಪು ಪ್ರೋಗ್ರಾಮಿನದು, ಬರೆದವಳು ನಾನು.

ಮರುದಿನವೇ ಒಂದೇ ಚಲನ್ ಎರಡನೇ ಸಲ ಸೇರದಂತೆ ಕೋಡ್ ತಿದ್ದಿದೆ. ಮಾಲೀಕರು ಜಯಂತಿಭಾಯಿಗೆ ಕೆಲಸದಲ್ಲಿ ಮುಂದುವರಿಯಲು ಹೇಳಿಕಳಿಸಿದರು. “ಯಾರ ಎದುರಿಗೆ ಕಳ್ಳ ಅಂದರೋ ಅವರ ಎದುರಿಗೇ ಅಲ್ಲ ಅನ್ನಲಿ” ಎಂದರು ಜಯಂತಿಭಾಯಿ. “ಇರು ಅಂದಿದ್ದೇನಲ್ಲ, ಸಾಲದೇ?” ಎಂದರು ಮಾಲೀಕರು. ಶನಿವಾರ ಜಯಂತಿಭಾಯಿ ಬೀಗದ ಕೈ ಒಪ್ಪಿಸಿ ಹೊರಟುಹೋದರು.

ಅಲ್ಲಿಂದೀಚೆಗೆ, ಅತಿ ನಿಧಾನದ ಲೈನ್ ಇರುವ ಕಡೆ ಹೋಗಿ ಬಳಸುವವರ ಪಕ್ಕ ಕೂತು ನೋಡದೆ ನಾನು ಯಾವ ಅಪ್ಲಿಕೇಶನನ್ನೂ ಒಪ್ಪಿಸಿಲ್ಲ. ವೃತ್ತಿ ಕಲಿಸಿದ್ದು ಅದು. ಆದರೆ ಆ ದಿನ ಉಧ್ನಾದ ಹಮಾಲರ ಎದುರು ನಿಂತು ಇವರದೇನೂ ತಪ್ಪಿಲ್ಲ ಎಂದು ನಾನೂ ಹೇಳಬಹುದಿತ್ತು. ನನ್ನನ್ನು ಯಾರೂ ತಡೆದಿರಲಿಲ್ಲ.